ಮೊದಲ ವಿಡಿಯೊ ಗೇಮ್‌ಗೆ ಯಾವ ಟೂಲ್ ಹಿಡಿಯಬೇಕು?

ಗೇಮ್ ಮಾಡೋಕೆ ಯಾವ ಎಂಜಿನ್ (ಗೇಮ್ ಕಟ್ಟುವ ಸಾಫ್ಟ್‌ವೇರ್) ಒಳ್ಳೇದು ಎಂದು ಹುಡುಕಿದರೆ ಸಿಗುವುದು ಹೆಚ್ಚಾಗಿ ಜಗಳ. ಯೂನಿಟಿಯವರು ಒಂದು ಕಡೆ, ಅನ್‌ರಿಯಲ್‌ನವರು ಇನ್ನೊಂದು ಕಡೆ, ನಡುವೆ ಗೊಡೊ ಅಭಿಮಾನಿಗಳು. ಯಾವುದರ ಗ್ರಾಫಿಕ್ಸ್ ಚೆಂದ, ದೊಡ್ಡ ಕಂಪನಿಗಳು ಯಾವುದನ್ನು ಬಳಸುತ್ತವೆ, ಯಾವುದಕ್ಕೆ ಕೆಲಸ ಸಿಗುತ್ತದೆ ಎಂಬ ವಾದ ಮುಗಿಯುವುದೇ ಇಲ್ಲ. ಇದುವರೆಗೆ ಒಂದೂ ಗೇಮ್ ಮಾಡದವರಿಗೆ ಇದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ.

ಈ ಲೇಖನ ಬರೆದಿರುವುದು ಕೋಡಿಂಗ್ ಅಷ್ಟಾಗಿ ಬಾರದ, ಒಬ್ಬರೇ ಕೂತು ಒಂದು ಚಿಕ್ಕ 2ಡಿ ಗೇಮ್ ಮಾಡಿ ಮುಗಿಸಬೇಕು ಎನ್ನುವವರಿಗೆ. ಹಾಗಾಗಿ ಇಲ್ಲಿ ಟೂಲ್ ಅಳೆಯುವುದಕ್ಕೆ ಒಂದೇ ಲೆಕ್ಕ: ನಿಮ್ಮ ಗೇಮ್‌ಗೆ ಬೇಕಾದದ್ದರಲ್ಲಿ ಎಷ್ಟು ಪಾಲು ಆ ಟೂಲ್‌ನಲ್ಲಿ ಮೊದಲೇ ಇದೆ?

1. ಗೇಮನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

ಡೌನ್‌ಲೋಡ್ ಮಾಡುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಆಟದಲ್ಲಿ ಏನೇನು ನಡೆಯುತ್ತದೆ ಎನ್ನುವುದನ್ನು ಮಾತ್ರ ಬರೆಯಿರಿ. ಉದಾಹರಣೆಗೆ: "ನರಿ ಓಡುತ್ತದೆ, ಜಿಗಿಯುತ್ತದೆ, ನಾಣ್ಯ ಹೆಕ್ಕುತ್ತದೆ, ಮುಳ್ಳು ತಾಗಿದರೆ ಸಾಯುತ್ತದೆ." ಇಷ್ಟೇ ಸಾಕು. ನರಿ ಯಾವ ಕಾಡಿನದು, ಅದಕ್ಕೆ ಶಾಪ ಕೊಟ್ಟವರು ಯಾರು ಎಂಬ ಕಥೆ ಆಮೇಲೆ. ಟೂಲ್ ಆರಿಸುವುದಕ್ಕೆ ಕಥೆ ನೆರವಾಗುವುದಿಲ್ಲ, ಈ ಕ್ರಿಯೆಗಳೇ ನೆರವಾಗುವುದು.

ಬರೆದಾದ ಮೇಲೆ ಆ ಸಾಲಿನಲ್ಲಿ ಆನ್‌ಲೈನ್ ಮಲ್ಟಿಪ್ಲೇಯರ್, 3ಡಿ, ದೊಡ್ಡ ಪ್ರಪಂಚ ಇವುಗಳಲ್ಲಿ ಯಾವುದಿದ್ದರೂ ಹೊಡೆದುಹಾಕಿ. ಮಲ್ಟಿಪ್ಲೇಯರ್ ಅಂದರೆ ಇನ್ನೊಬ್ಬ ಆಟಗಾರನನ್ನು ಸುಮ್ನೆ ಸೇರಿಸುವುದಲ್ಲ. ನರಿ ಎಲ್ಲಿದೆ ಎನ್ನುವುದರ ಬಗ್ಗೆ ಎರಡು ಕಂಪ್ಯೂಟರ್‌ಗಳು ಪ್ರತಿ ಕ್ಷಣವೂ ಒಪ್ಪಬೇಕು. ಇಂಟರ್‌ನೆಟ್ ನಿಧಾನವಾದರೆ ಯಾರ ಲೆಕ್ಕ ಸರಿ ಎಂದು ತೀರ್ಮಾನವಾಗಬೇಕು. ಗೇಮ್‌ನ ಪ್ರತಿ ಸಾಲು ಕೋಡೂ ಇದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 3ಡಿಯಲ್ಲಿ ತಲೆ ಕೆಡಿಸಲು ಕ್ಯಾಮೆರಾ ಒಂದೇ ಸಾಕು. ಇವೆಲ್ಲ ಎರಡನೆಯ ಅಥವಾ ಐದನೆಯ ಗೇಮ್‌ಗೆ ಇರಲಿ.

2. ಆ ಸಾಲಿಗೆ ಹೊಂದುವ ಟೂಲ್ ನೋಡಿ

ಎಲ್ಲ ಬಗೆಯ ಗೇಮ್ ಮಾಡಬಲ್ಲ ದೊಡ್ಡ ಎಂಜಿನ್‌ಗಳ ಸದ್ದಿನಲ್ಲಿ, ಒಂದೇ ಬಗೆಯ ಗೇಮ್ ಮಾಡುವ ಚಿಕ್ಕ ಟೂಲ್‌ಗಳನ್ನು ಜನ ಮರೆಯುತ್ತಾರೆ. ನನ್ನ ಪ್ರಕಾರ ಹೊಸಬರು ಮೊದಲು ನೋಡಬೇಕಾದದ್ದೇ ಇವನ್ನು.

ನಿಮ್ಮ ಸಾಲು "ಓದುತ್ತಾರೆ, ಆರಿಸುತ್ತಾರೆ, ಕಥೆ ತಿರುಗುತ್ತದೆ" ಎಂದಿದ್ದರೆ ಟ್ವೈನ್ ಸಾಕು. ಕ್ರಿಸ್ ಕ್ಲಿಮಸ್ 2009ರಲ್ಲಿ ಹೊರತಂದ ಉಚಿತ ಟೂಲ್ ಇದು. ಕಥೆಯ ಒಂದೊಂದು ಭಾಗವೂ ಪರದೆಯ ಮೇಲೆ ಒಂದೊಂದು ಚೌಕ. ಬರೆಯುತ್ತಾ [[ಬಾಗಿಲು ತೆರೆ]] ಎಂದು ಎರಡೆರಡು ಆವರಣ ಹಾಕಿದರೆ, ಆ ಹೆಸರಿನ ಹೊಸ ಚೌಕ ತಾನಾಗಿಯೇ ಹುಟ್ಟಿಕೊಂಡು ಇಲ್ಲಿಂದ ಅಲ್ಲಿಗೆ ಬಾಣದ ಗೆರೆ ಬೀಳುತ್ತದೆ. ಕೊನೆಗೆ ಸಿಗುವುದು ಒಂದು ಎಚ್‌ಟಿಎಂಎಲ್ ಫೈಲ್. ಯಾವ ಬ್ರೌಸರ್‌ನಲ್ಲಿ ಬೇಕಾದರೂ ತೆರೆಯುತ್ತದೆ. ಪಾತ್ರಗಳ ಚಿತ್ರ, ಹಿನ್ನೆಲೆ, ಸಂಭಾಷಣೆ ಎಲ್ಲ ಇರುವ ವಿಷುವಲ್ ನಾವೆಲ್ ಬೇಕು ಎಂದರೆ ರೆನ್‌ಪೈ ನೋಡಿ. ಅದೂ ಉಚಿತ. ಅದರ ಸ್ಕ್ರಿಪ್ಟ್ ನೋಡಲು ನಾಟಕದ ಹಸ್ತಪ್ರತಿಯ ಹಾಗೇ ಇರುತ್ತದೆ: ಪಾತ್ರದ ಹೆಸರು, ಪಕ್ಕದಲ್ಲಿ ಮಾತು.

"ಅಡ್ಡಾಡುತ್ತಾರೆ, ಸಿಕ್ಕವರ ಜೊತೆ ಮಾತಾಡುತ್ತಾರೆ" ಎನ್ನುವುದಕ್ಕೆ ಬಿಟ್ಸಿ ಇದೆ. ಬ್ರೌಸರ್‌ನಲ್ಲೇ ನಡೆಯುತ್ತದೆ. ಒಂದು ಕೋಣೆ ಅಂದರೆ 16ಕ್ಕೆ 16 ಚೌಕ, ಒಂದು ಗೊಂಬೆ ಅಂದರೆ 8ಕ್ಕೆ 8 ಚುಕ್ಕಿ. ಬಣ್ಣಗಳೂ ಬೆರಳೆಣಿಕೆ. ಈ ಬಡತನವೇ ಅದರ ಉಪಕಾರ. ಅಷ್ಟು ಚಿಕ್ಕ ಗೊಂಬೆ ಬರೆಯೋಕೆ ಚಿತ್ರಕಲೆ ಬರಬೇಕಾಗಿಲ್ಲ, ನಿಮಿಷದಲ್ಲಿ ಮುಗಿಯುತ್ತದೆ.

"ತಳ್ಳುತ್ತಾರೆ, ಜೋಡಿಸುತ್ತಾರೆ, ದಾರಿ ಬಿಡಿಸುತ್ತಾರೆ" ಎಂಬ ಒಗಟಿನ ಆಟಕ್ಕೆ ಪಝಲ್‌ಸ್ಕ್ರಿಪ್ಟ್. ಸ್ಟೀಫನ್ ಲ್ಯಾವೆಲ್ 2013ರಲ್ಲಿ ಮಾಡಿದ್ದು. ಪೆಟ್ಟಿಗೆ ತಳ್ಳುವ ಇಡೀ ಆಟದ ನಿಯಮ ಅದರಲ್ಲಿ ಒಂದೇ ಸಾಲು. ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

[ > ಆಟಗಾರ | ಪೆಟ್ಟಿಗೆ ] -> [ > ಆಟಗಾರ | > ಪೆಟ್ಟಿಗೆ ]

ಆಟಗಾರ ಪಕ್ಕದ ಪೆಟ್ಟಿಗೆಯ ಕಡೆ ಹೊರಟರೆ ಪೆಟ್ಟಿಗೆಯೂ ಅದೇ ಕಡೆ ಹೊರಡಲಿ, ಅಷ್ಟೇ ಅರ್ಥ. ತಪ್ಪು ಹೆಜ್ಜೆ ಹಿಂತೆಗೆಯುವ ಅಂಡೂ ಸೌಲಭ್ಯ ಮೊದಲೇ ಇದೆ. ದೊಡ್ಡ ಎಂಜಿನ್‌ನಲ್ಲಿ ಇದನ್ನೇ ಮಾಡಲು ಹೋದರೆ ಅಂಡೂ ಒಂದೇ ನಿಮ್ಮ ವಾರ ತಿನ್ನಬಹುದು.

ಇನ್ನು ನಮ್ಮ ನರಿಯ ಹಾಗೆ "ಓಡುತ್ತದೆ, ಜಿಗಿಯುತ್ತದೆ" ಎಂದಿದ್ದರೆ ಆಯ್ಕೆ ಜಾಸ್ತಿ. ಸ್ಕ್ರ್ಯಾಚ್, ಮೈಕ್ರೊಸಾಫ್ಟ್‌ನ ಮೇಕ್‌ಕೋಡ್ ಆರ್ಕೇಡ್, ಜಿಡೆವಲಪ್, ಕನ್‌ಸ್ಟ್ರಕ್ಟ್ 3, ಗೇಮ್‌ಮೇಕರ್, ಗೊಡೊ ಎಲ್ಲವೂ ಇಲ್ಲಿ ಬರುತ್ತವೆ. ಕೋಡ್ ಬರೆಯುವ ಆಸೆ ಇದ್ದರೆ ಪಿಕೊ-8 ಕೂಡ: 128ಕ್ಕೆ 128 ಚುಕ್ಕಿಯ ಪರದೆ, 16 ಬಣ್ಣ, ಲುವಾ ಎಂಬ ಕೋಡಿಂಗ್ ಭಾಷೆ. ಸೆಲೆಸ್ಟೆ ಎಂಬ ಹೆಸರಾಂತ ಗೇಮ್‌ನ ಮೊದಲ ಪುಟ್ಟ ರೂಪ ಹುಟ್ಟಿದ್ದು ಇದರಲ್ಲೇ. ದೊಡ್ಡ ರೂಪ ಬಂದದ್ದು 2018ರಲ್ಲಿ.

ಯೂನಿಟಿ, ಅನ್‌ರಿಯಲ್ ಕೆಟ್ಟವು ಅಂತಲ್ಲ. ಯೂನಿಟಿ ಹಲವು ಜಿಬಿ ಜಾಗ ಕೇಳುತ್ತದೆ, ಅನ್‌ರಿಯಲ್ ಹತ್ತಾರು ಜಿಬಿ. ತೆರೆದ ತಕ್ಷಣ ಕಾಣುವ ಬಟನ್‌ಗಳಲ್ಲಿ ಬಹುಪಾಲು ನಿಮ್ಮ ನರಿಗೆ ಸಂಬಂಧವೇ ಇಲ್ಲದವು. ಹಳೆಯ ಲ್ಯಾಪ್‌ಟಾಪ್ ಇದ್ದರಂತೂ ಬ್ರೌಸರ್‌ನಲ್ಲಿ ನಡೆಯುವ ಟೂಲ್‌ಗಳತ್ತಲೇ ಹೋಗಿ.

3. ಒಂದೇ ಜಿಗಿತ, ಮೂರು ಟೂಲ್

ವೈಶಿಷ್ಟ್ಯಗಳ ಪಟ್ಟಿ ಓದಿದರೆ ಎಲ್ಲ ಟೂಲ್‌ಗಳೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಒಂದೇ ಕೆಲಸವನ್ನು ಮೂರರಲ್ಲೂ ಮಾಡಿದಾಗ. ನರಿಯನ್ನು ಜಿಗಿಸಿ ನೋಡೋಣ.

ಸ್ಕ್ರ್ಯಾಚ್‌ನಿಂದ ಶುರು ಮಾಡೋಣ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2007ರಲ್ಲಿ ಎಲ್ಲರಿಗೂ ಸಿಕ್ಕಿದ ಟೂಲ್ ಇದು. ಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೋಡ್ ಮಾಡಬೇಕು. ಇದರಲ್ಲಿ ಗುರುತ್ವ ಎಂಬುದೇ ಇಲ್ಲ, ನೀವೇ ಮಾಡಿಕೊಳ್ಳಬೇಕು. "ವೇಗ" ಎಂಬ ವೇರಿಯಬಲ್ (ಬದಲಾಗುವ ಅಂಕಿಯನ್ನು ಹಿಡಿದಿಡುವ ಹೆಸರು) ಮಾಡಿ. ಸದಾ ತಿರುಗುವ ಲೂಪ್‌ನೊಳಗೆ ಪ್ರತಿ ಸಲ ವೇಗದಿಂದ 1 ಕಳೆಯಿರಿ. ಆಮೇಲೆ ನರಿಯ ವೈ ಸ್ಥಾನವನ್ನು (ಎತ್ತರವನ್ನು) ಆ ವೇಗದ ಅಂಕಿಯಷ್ಟು ಬದಲಿಸಿ. ನೆಲದ ಬಣ್ಣ ತಾಗಿದರೆ ವೇಗ ಸೊನ್ನೆ. ನೆಲದ ಮೇಲಿದ್ದಾಗ ಮೇಲಿನ ಬಾಣದ ಕೀ ಒತ್ತಿದರೆ ವೇಗ 12. ಓಡಿಸಿ ನೋಡಿದರೆ ನರಿ ಜಿಗಿಯುತ್ತದೆ, ಆದರೆ ಇಳಿದಾಗ ಪಾದ ನೆಲದೊಳಗೆ ಸ್ವಲ್ಪ ಹೂತುಕೊಳ್ಳುತ್ತದೆ. ಯಾಕೆ ಅಂದರೆ ಕೊನೆಯ ಹೆಜ್ಜೆಯಲ್ಲಿ ಅದು ಒಮ್ಮೆಗೇ ಹತ್ತು ಹನ್ನೆರಡು ಚುಕ್ಕಿ ಕೆಳಗೆ ಬಂದಿರುತ್ತದೆ. ಹಾಗಾಗಿ ನೆಲ ತಾಗುತ್ತಿರುವಷ್ಟು ಹೊತ್ತು ಒಂದೊಂದೇ ಚುಕ್ಕಿ ಮೇಲೆತ್ತುವ ಇನ್ನೊಂದು ಲೂಪ್ ಬೇಕು. ತಲೆ ಸೂರಿಗೆ ಹೊಡೆದರೆ? ಅದಕ್ಕೆ ಮತ್ತೊಂದು. ಕಿರಿಕಿರಿ ಅನಿಸಬಹುದು. ಆದರೆ ಇದನ್ನು ಒಮ್ಮೆ ಮಾಡಿದವರಿಗೆ ಜಿಗಿತ ಅಂದರೆ ಏನು ಎನ್ನುವುದು ಪೂರ್ತಿ ಅರ್ಥವಾಗಿರುತ್ತದೆ.

ಜಿಡೆವಲಪ್‌ನಲ್ಲಿ ಕಥೆಯೇ ಬೇರೆ. ನರಿಯನ್ನು ಆರಿಸಿ "ಪ್ಲಾಟ್‌ಫಾರ್ಮರ್ ಪಾತ್ರ" ಎಂಬ ಬಿಹೇವಿಯರ್ (ಮೊದಲೇ ತಯಾರಿರುವ ನಡವಳಿಕೆ) ಸೇರಿಸಿ. ನೆಲಕ್ಕೆ "ಪ್ಲಾಟ್‌ಫಾರ್ಮ್" ಬಿಹೇವಿಯರ್. ಪ್ಲೇ ಒತ್ತಿ. ಬಾಣದ ಕೀಗಳಿಗೆ ನರಿ ಓಡುತ್ತದೆ, ಸ್ಪೇಸ್ ಒತ್ತಿದರೆ ಜಿಗಿಯುತ್ತದೆ. ಒಂದು ಸಾಲೂ ಬರೆದಿಲ್ಲ. ಜಿಗಿತದ ವೇಗ, ಗುರುತ್ವ, ಬೀಳುವ ಗರಿಷ್ಠ ವೇಗ ಎಲ್ಲ ಪಕ್ಕದ ಪಟ್ಟಿಯಲ್ಲಿ ಅಂಕಿಗಳಾಗಿ ಕೂತಿರುತ್ತವೆ, ತಿದ್ದುತ್ತಾ ಆಡಿ ನೋಡಬಹುದು. ನಾಣ್ಯ ಹೆಕ್ಕಲು ಈವೆಂಟ್ ಶೀಟ್ ಇದೆ: ಎಡಗಡೆ ಷರತ್ತು, ಬಲಗಡೆ ಕೆಲಸ. ಎಡಕ್ಕೆ "ನರಿ ನಾಣ್ಯಕ್ಕೆ ತಾಗಿದರೆ", ಬಲಕ್ಕೆ "ನಾಣ್ಯ ಅಳಿಸು, ಅಂಕಕ್ಕೆ 1 ಸೇರಿಸು". ಪರದೆಯ ಮೇಲೆ ಐವತ್ತು ನಾಣ್ಯ ಇದ್ದರೂ ತಾಗಿದ್ದು ಮಾತ್ರ ಅಳಿಯುತ್ತದೆ. ಷರತ್ತಿಗೆ ಸಿಕ್ಕಿದ ವಸ್ತುಗಳ ಮೇಲಷ್ಟೇ ಕೆಲಸ ನಡೆಯುವುದು ಈ ಥರದ ಟೂಲ್‌ಗಳ ನಿಯಮ. ಇದೊಂದು ಮನಸ್ಸಿಗೆ ಹತ್ತಿದರೆ ಅರ್ಧ ದಾರಿ ಸಾಗಿದಂತೆ. ಕನ್‌ಸ್ಟ್ರಕ್ಟ್ 3 ಕೂಡ ಇದೇ ರೀತಿಯದು.

ಗೊಡೊ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, 2014ರಲ್ಲಿ ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದದ್ದು) ಆಯಿತು. ಇದರಲ್ಲಿ ಎಲ್ಲವೂ ನೋಡ್, ಅಂದರೆ ಒಂದೊಂದು ಕೆಲಸದ ಬಿಡಿಭಾಗ. ನರಿಗೆ ಕ್ಯಾರೆಕ್ಟರ್‌ಬಾಡಿ2ಡಿ ಎಂಬ ನೋಡ್ ಹಾಕಿದಾಗ ಪಕ್ಕದಲ್ಲಿ ಹಳದಿ ಎಚ್ಚರಿಕೆಯ ತ್ರಿಕೋನ ಕಾಣುತ್ತದೆ. "ಇದಕ್ಕೆ ಆಕಾರ ಇಲ್ಲ" ಎಂದು ಅದರ ತಕರಾರು. ಅದರ ಕೆಳಗೆ ಕೊಲಿಷನ್‌ಶೇಪ್2ಡಿ ಹಾಕಿ ಆಕಾರ ಕೊಡದಿದ್ದರೆ ನರಿ ನೆಲ ತೂರಿಕೊಂಡು ಬೀಳುತ್ತಾ ಹೋಗುತ್ತದೆ. ಆಮೇಲೆ ಸ್ಕ್ರಿಪ್ಟ್ ಅಂಟಿಸುವಾಗ ಗೊಡೊ ತಾನೇ ಒಂದು ಮಾದರಿ ಕೋಡ್ ಕೊಡುತ್ತದೆ. ಓಟ, ಜಿಗಿತ, ಗುರುತ್ವ ಎಲ್ಲ ಅದರಲ್ಲೇ ಬರೆದಿದೆ. ಜಿಗಿತದ ವೇಗ -400 ಎಂದು ಇರುವುದನ್ನು ನೋಡಿ ಗಾಬರಿ ಆಗಬೇಡಿ. ಗೊಡೊದಲ್ಲಿ ವೈ ಅಂಕಿ ಕೆಳಗೆ ಹೋದಂತೆ ಹೆಚ್ಚುತ್ತದೆ. ಮೇಲೆ ಹೋಗಬೇಕು ಅಂದರೆ ಮೈನಸ್. ಸ್ಕ್ರ್ಯಾಚ್‌ನಲ್ಲಿ ಇದರ ಉಲ್ಟಾ.

ನನ್ನ ತೀರ್ಪು ಇದು. ಹತ್ತು ಹನ್ನೆರಡರ ಮಕ್ಕಳಿಗೆ ಅಥವಾ ಒಳಗಿನ ಲೆಕ್ಕ ತಿಳಿಯಬೇಕು ಎನ್ನುವವರಿಗೆ ಸ್ಕ್ರ್ಯಾಚ್. ಗೇಮ್ ಬೇಗ ಮುಗಿಯಬೇಕು, ಕೋಡ್ ಬೇಡ ಎನ್ನುವವರಿಗೆ ಜಿಡೆವಲಪ್. ಮುಂದೆಯೂ ಗೇಮ್ ಮಾಡುತ್ತಲೇ ಇರುತ್ತೇನೆ, ಕೋಡ್ ಕಲಿಯಲು ತಯಾರಿದ್ದೇನೆ ಎನ್ನುವವರು ನೇರ ಗೊಡೊಗೆ ಹೋಗಬಹುದು. ಅದರ ಜಿಡಿಸ್ಕ್ರಿಪ್ಟ್ ಭಾಷೆ ನೋಡಲು ಪೈಥಾನ್ ಎಂಬ ಸರಳ ಕೋಡಿಂಗ್ ಭಾಷೆಯ ಥರ ಇದೆ, ಹೆದರಿಸುವಂಥದ್ದಲ್ಲ.

4. ಕನ್ನಡ ಅಕ್ಷರ ಮೂಡುತ್ತದಾ ನೋಡಿ

ಗೇಮ್‌ನಲ್ಲಿ ಕನ್ನಡ ಬರಹ ಬೇಕು ಅಂದರೆ ಇದನ್ನು ಕೊನೆಗೆ ಬಿಡಬೇಡಿ. ಮೊದಲ ದಿನವೇ "ರಾಷ್ಟ್ರ, ಜ್ಞಾನ, ಸ್ತ್ರೀ, ಅರ್ಥ, ಕೈ" ಎಂದು ಟೂಲ್‌ನಲ್ಲಿ ಹಾಕಿ ಓಡಿಸಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸರಿದರೆ, ಅರ್ಕಾವತ್ತು ಕಳಚಿಕೊಂಡರೆ, ಅಕ್ಷರಗಳ ಬದಲು ಖಾಲಿ ಚೌಕ ಬಂದರೆ ಅಲ್ಲೇ ಗೊತ್ತಾಗುತ್ತದೆ. ಖಾಲಿ ಚೌಕ ಅಂದರೆ ಫಾಂಟ್ ಇಲ್ಲ, ಸೇರಿಸಿದರೆ ಸರಿಯಾಗಬಹುದು. ಒತ್ತಕ್ಷರ ಒಡೆದರೆ ಅಕ್ಷರ ಜೋಡಿಸುವ ವ್ಯವಸ್ಥೆಯೇ ಟೂಲ್‌ನಲ್ಲಿಲ್ಲ ಎಂದರ್ಥ. ಅದಕ್ಕೆ ಫಾಂಟ್ ಬದಲಿಸಿ ಪ್ರಯೋಜನವಿಲ್ಲ.

ಟ್ವೈನ್‌ನಲ್ಲಿ ಈ ತೊಂದರೆ ಇಲ್ಲ, ಅಕ್ಷರ ಮೂಡಿಸುವುದು ಬ್ರೌಸರ್. ಗೊಡೊ 4ರಲ್ಲಿ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಗೊಡೊ 3ರಲ್ಲಿ ಆ ವ್ಯವಸ್ಥೆ ಇರಲಿಲ್ಲ. ಎಂಟು ಚುಕ್ಕಿ ಅಗಲದ ಅಕ್ಷರ ಬಳಸುವ ಪುಟ್ಟ ಟೂಲ್‌ಗಳಲ್ಲಿ ಕನ್ನಡದ ಆಸೆ ಬಿಡುವುದೇ ಒಳ್ಳೆಯದು. ತೀರಾ ಬೇಕಾದರೆ ಬರಹವನ್ನು ಚಿತ್ರವಾಗಿ ಮಾಡಿ ಹಾಕಬಹುದು. ಶೀರ್ಷಿಕೆಗೆ ಅದು ಪರವಾಗಿಲ್ಲ, ಉದ್ದದ ಸಂಭಾಷಣೆಗೆ ಆಗದ ಮಾತು.

5. ಉಚಿತ ಅಂದರೆ ಎಷ್ಟು ಉಚಿತ?

ಗೊಡೊ ಮತ್ತು ಜಿಡೆವಲಪ್‌ನ ಎಂಜಿನ್ ಎಂಐಟಿ ಲೈಸನ್ಸ್‌ನಲ್ಲಿವೆ. ಗೇಮ್ ಮಾರಿದರೂ ಅವರಿಗೆ ಪಾಲು ಕೊಡಬೇಕಾಗಿಲ್ಲ. ಗೇಮ್‌ಮೇಕರ್ 2023ರಿಂದ ಮಾರಾಟವಿಲ್ಲದ ಬಳಕೆಗೆ ಉಚಿತ. ಕನ್‌ಸ್ಟ್ರಕ್ಟ್ 3 ಚಂದಾ ಪದ್ಧತಿಯದು, ಉಚಿತ ರೂಪದಲ್ಲಿ ಎಷ್ಟು ಈವೆಂಟ್ ಬರೆಯಬಹುದು ಎಂಬುದಕ್ಕೆ ಮಿತಿ ಇದೆ. ಚಂದಾ ಟೂಲ್ ಹಿಡಿಯುವ ಮುಂಚೆ ಒಂದು ವಿಷಯ ಕೇಳಿಕೊಳ್ಳಿ: ಹಣ ಕಟ್ಟುವುದು ನಿಲ್ಲಿಸಿದರೆ ನನ್ನದೇ ಪ್ರಾಜೆಕ್ಟನ್ನು ತಿದ್ದಬಹುದಾ?

ಅನ್‌ರಿಯಲ್‌ನಲ್ಲಿ ಗೇಮ್‌ನ ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ ಶೇ 5 ಪಾಲು. ಮೊದಲ ಗೇಮ್ ಮಾಡುವವರು ಇದಕ್ಕೆ ನಿದ್ದೆಗೆಡಬೇಕಾಗಿಲ್ಲ. ನಿಯಮ ನಡುವೆಯೇ ಬದಲಾಗಬಹುದು ಎನ್ನುವುದು ಅದಕ್ಕಿಂತ ನಿಜವಾದ ಚಿಂತೆ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ, ಒಂದು ಮಿತಿ ದಾಟಿದ ಗೇಮ್‌ಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಎಂದು ಪ್ರಕಟಿಸಿತು. ಡೆವಲಪರ್‌ಗಳು ಸಿಡಿದೆದ್ದರು. ವರ್ಷದ ನಂತರ, 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಪೂರ್ತಿ ಕೈಬಿಟ್ಟಿತು. ಗೊಡೊ ಕಡೆಗೆ ಜನ ತಿರುಗಿ ನೋಡಿದ್ದಕ್ಕೆ ಇದೂ ಒಂದು ಕಾರಣ.

6. ಒಂದು ಸಂಜೆ ಪರೀಕ್ಷೆ ಮಾಡಿ

ಎರಡು ಟೂಲ್ ಆರಿಸಿಕೊಳ್ಳಿ, ಮೂರನೆಯದು ಬೇಡ. ಒಂದೊಂದಕ್ಕೂ ಒಂದೊಂದು ಸಂಜೆ ಕೊಡಿ. ಚಿತ್ರ ಬರೆಯಲು ಕೂರಬೇಡಿ, ಬಣ್ಣದ ಚೌಕಗಳೇ ಸಾಕು. ಈ ಐದು ಆಗುತ್ತವಾ ನೋಡಿ:

- ಕೀ ಒತ್ತಿದರೆ ಚೌಕ ಚಲಿಸಬೇಕು.
- ಇನ್ನೊಂದು ಚೌಕಕ್ಕೆ ತಾಗಿದರೆ ಅಂಕ ಏರಬೇಕು.
- ಆಗ ಒಂದು ಸದ್ದು ಬರಬೇಕು.
- ಸತ್ತರೆ ಆಟ ಮತ್ತೆ ಮೊದಲಿಂದ ಶುರುವಾಗಬೇಕು.
- ಹೊರತೆಗೆದ ಫೈಲ್ ಬೇರೊಬ್ಬರ ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ತೆರೆಯಬೇಕು.

ಮೊದಲ ಮೂರು ಎಲ್ಲ ಟೂಲ್‌ಗಳಲ್ಲೂ ಸುಲಭ. ಕಷ್ಟ ಕಾಣುವುದು ಕೊನೆಯ ಎರಡರಲ್ಲಿ. ಮತ್ತೆ ಶುರು ಮಾಡುವಾಗ ಅಂಕ ಸೊನ್ನೆಯಾಗುವುದಿಲ್ಲ, ಹೆಕ್ಕಿದ ನಾಣ್ಯ ವಾಪಸ್ ಬರುವುದಿಲ್ಲ, ಹೀಗೆ ಏನಾದರೊಂದು ಉಳಿದುಬಿಡುತ್ತದೆ. ಟೂಲ್ ಯಾವುದನ್ನು ತಾನಾಗಿ ಮೊದಲಿನ ಸ್ಥಿತಿಗೆ ತರುತ್ತದೆ, ಯಾವುದನ್ನು ನಿಮಗೆ ಬಿಡುತ್ತದೆ ಎನ್ನುವುದು ಇಲ್ಲೇ ತಿಳಿಯುವುದು. ಫೈಲ್ ಹೊರತೆಗೆಯುವುದೂ ಹಾಗೆಯೇ. ಗೊಡೊದಲ್ಲಿ ಇದಕ್ಕೆ ಎಕ್ಸ್‌ಪೋರ್ಟ್ ಟೆಂಪ್ಲೇಟ್‌ಗಳನ್ನು ಬೇರೆಯಾಗಿ ಡೌನ್‌ಲೋಡ್ ಮಾಡಬೇಕು. ಮೊದಲ ಸಲ ಎಲ್ಲರೂ ಇಲ್ಲಿ ಒಮ್ಮೆ ತಡವರಿಸುತ್ತಾರೆ. ಗೇಮ್ ಪೂರ್ತಿ ಆದ ಮೇಲೆ ತಡವರಿಸುವ ಬದಲು ಚೌಕ ಮಾತ್ರ ಇರುವಾಗಲೇ ತಡವರಿಸುವುದು ವಾಸಿ ಅಲ್ವಾ?

ಎರಡೂ ಸಂಜೆ ಮುಗಿದ ಮೇಲೆ ಯಾವುದು ಚೆನ್ನಾಗಿತ್ತು ಎಂದು ಪಟ್ಟಿ ಹಾಕಬೇಡಿ. ಮರುದಿನ ಯಾವುದನ್ನು ತೆರೆಯಲು ಮನಸ್ಸು ಬರುತ್ತದೆ ನೋಡಿ, ಅದನ್ನೇ ಹಿಡಿಯಿರಿ.

7. ಟ್ಯುಟೋರಿಯಲ್‌ನ ವರ್ಷನ್ ನೋಡಿ

ಹೊಸಬರು ಸೋತು ಬಿಡುವುದಕ್ಕೆ ಒಂದು ದೊಡ್ಡ ಕಾರಣ ಹಳೆಯ ವಿಡಿಯೊ. ವಿಡಿಯೊದಲ್ಲಿರುವಂತೆಯೇ ಟೈಪ್ ಮಾಡುತ್ತಾರೆ, ಕೆಂಪು ಸಾಲು ಬರುತ್ತದೆ, ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಗೊಡೊ 4 ಬಂದದ್ದು 2023ರ ಮಾರ್ಚ್‌ನಲ್ಲಿ. ಅದಕ್ಕೂ ಹಳೆಯ ಪಾಠಗಳಲ್ಲಿ ನಮ್ಮ ನರಿಯ ನೋಡ್‌ಗೆ ಕೈನೆಮ್ಯಾಟಿಕ್‌ಬಾಡಿ2ಡಿ ಎಂಬ ಹೆಸರು. ಆ ಹೆಸರು ಕಂಡರೆ ವಿಡಿಯೊ ಮುಚ್ಚಿ, ಬೇರೆ ಹುಡುಕಿ. ಎಐ ಚಾಟ್‌ಗಳನ್ನು ಕೇಳಿದರೂ ಎರಡು ವರ್ಷನ್‌ಗಳ ಕೋಡನ್ನು ಬೆರೆಸಿ ಕೊಡುವುದುಂಟು. ಪ್ರಶ್ನೆಯಲ್ಲೇ ವರ್ಷನ್ ಸಂಖ್ಯೆ ಹೇಳಿ. ಟೂಲ್‌ನವರೇ ಬರೆದ "ನಿಮ್ಮ ಮೊದಲ ಗೇಮ್" ಪಾಠ ಇದ್ದರೆ ಅದರಿಂದಲೇ ಶುರು ಮಾಡಿ, ಗೊಡೊ ಮತ್ತು ಜಿಡೆವಲಪ್ ಎರಡಕ್ಕೂ ಚೆನ್ನಾಗಿರುವವು ಇವೆ.

8. ಚಿತ್ರ, ಸದ್ದು

ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪಿಕ್ಸೆಲ್ ಚಿತ್ರಕ್ಕೆ ಬ್ರೌಸರ್‌ನಲ್ಲೇ ನಡೆಯುವ ಪಿಸ್ಕೆಲ್ ಇದೆ. ಬರೆಯಲು ಬಾರದಿದ್ದರೆ ಕೆನ್ನಿ ಎಂಬ ತಾಣದಲ್ಲಿ ಸಾವಿರಾರು ತಯಾರು ಚಿತ್ರಗಳು ಸಿಸಿ0 (ಯಾರು ಬೇಕಾದರೂ ಬಳಸಬಹುದಾದ) ಲೈಸನ್ಸ್‌ನಲ್ಲಿ ಸಿಗುತ್ತವೆ, ಹೆಸರು ಹಾಕಲೇಬೇಕೆಂಬ ನಿಯಮವೂ ಇಲ್ಲ. ಜಿಗಿತ, ನಾಣ್ಯ, ಸ್ಫೋಟದ ಸದ್ದಿಗೆ ಎಸ್‌ಎಫ್‌ಎಕ್ಸ್‌ಆರ್ ಮತ್ತು ಅದರ ಬ್ರೌಸರ್ ರೂಪಗಳಿವೆ. "ನಾಣ್ಯ" ಬಟನ್ ಒತ್ತಿದಷ್ಟು ಸಲವೂ ಹೊಸ ಸದ್ದು. ಇಷ್ಟವಾದದ್ದನ್ನು ಉಳಿಸಿಕೊಳ್ಳಿ. ಹುಡುಕಾಟದಲ್ಲಿ ಸಿಕ್ಕಿದ ಯಾರದೋ ಚಿತ್ರ, ಸಿನಿಮಾ ಹಾಡು ಎತ್ತಿ ಹಾಕಬೇಡಿ. ಗೇಮ್ ಹಂಚುವ ದಿನ ಅದೇ ಕಾಲಿಗೆ ತೊಡಕುತ್ತದೆ.

9. ಹಂಚಿ, ಆಮೇಲೆ ಟೂಲ್ ಬದಲಿಸಿ

ಮೊದಲ ಗೇಮನ್ನು ನೇರ ಆ್ಯಪ್ ಸ್ಟೋರ್‌ಗೆ ಹಾಕುವ ಯೋಚನೆ ಬಿಡಿ. ಖಾತೆ, ಶುಲ್ಕ, ಪರಿಶೀಲನೆ ಎಂದು ಗೇಮ್‌ಗಿಂತ ಅದೇ ಜಾಸ್ತಿ ಕೆಲಸ. ಇಚ್ ಡಾಟ್ ಐಓ ತಾಣದಲ್ಲಿ ವೆಬ್ ಗೇಮ್‌ನ ಜಿಪ್ ಫೈಲ್ ಏರಿಸಿದರೆ ಲಿಂಕ್ ಸಿಗುತ್ತದೆ, ಅದನ್ನು ಪಡೆದವರು ಬ್ರೌಸರ್‌ನಲ್ಲೇ ಆಡಬಹುದು. ಸ್ಕ್ರ್ಯಾಚ್‌ನಲ್ಲಿ ಮಾಡಿದ್ದನ್ನು ಅದರ ತಾಣದಲ್ಲೇ ಹಂಚಬಹುದು. ಯಾರಾದರೂ ಆಡುವಾಗ ಹಿಂದೆ ನಿಂತು ನೋಡಿ, ಬಾಯಿ ಬಿಡಬೇಡಿ. ಅವರು ಎಲ್ಲಿ ಸಿಕ್ಕಿಕೊಳ್ಳುತ್ತಾರೋ ಅಲ್ಲಿ ತಿದ್ದುವ ಕೆಲಸ ಇದೆ.

ಗೇಮ್ ನಡುವೆ ಇರುವಾಗ ಟೂಲ್ ಬದಲಿಸುವ ಆಸೆ ಖಂಡಿತ ಬರುತ್ತದೆ. ಸಾಮಾನ್ಯವಾಗಿ ಬರುವುದು ಬೇಜಾರಿನ ಕೆಲಸ ಎದುರಾದಾಗ: ಮೆನು, ಸೇವ್, ಕೊನೆಯ ಹಂತ. ಹೊಸ ಟೂಲ್‌ನಲ್ಲೂ ಆ ಕೆಲಸಗಳು ಹಾಗೇ ಕಾದಿರುತ್ತವೆ. ಬದಲಿಸಲು ಸರಿಯಾದ ಕಾರಣ ಅಂದರೆ ಟೂಲ್‌ನ ಗೋಡೆ ನಿಜವಾಗಿ ತಾಗಬೇಕು. ಸ್ಕ್ರ್ಯಾಚ್‌ನಲ್ಲಿ ಒಂದೇ ಸಲಕ್ಕೆ 300ಕ್ಕಿಂತ ಹೆಚ್ಚು ಕ್ಲೋನ್ (ಗೊಂಬೆಯ ನಕಲು) ಇರಲು ಸಾಧ್ಯವಿಲ್ಲ. ಗುಂಡಿನ ಮಳೆ ಸುರಿಯುವ ಗೇಮ್ ಮಾಡುತ್ತಿದ್ದರೆ ಒಂದು ದಿನ ಹೊಸ ಗುಂಡು ಹುಟ್ಟುವುದೇ ನಿಲ್ಲುತ್ತದೆ. ಆಗ ಈ ಗೇಮನ್ನು 300ರ ಒಳಗೇ ಹೊಂದಿಸಿ ಮುಗಿಸಿ, ಮುಂದಿನದನ್ನು ಜಿಡೆವಲಪ್ ಅಥವಾ ಗೊಡೊದಲ್ಲಿ ಶುರು ಮಾಡಿ.